ಕೂಗುಬಂಡೆ

ಜೇನುಕಣಿವೆಯ ಮೇಲುದಾರಿ ಎರಡು ಗುಡ್ಡಗಳ ನಡುವೆ ಇಕ್ಕಟ್ಟಾಗುವಲ್ಲಿ, ಎಡಗಡೆಗೆ ಆನೆಯ ಬೆನ್ನಿನಂಥ ಒಂದು ಬೋಳು ಬಂಡೆ ಇದೆ. ಅದೇ ಕೂಗುಬಂಡೆ. ಬಂದವರೆಲ್ಲ ಅದನ್ನೇರಿ ತಮ್ಮ ಹೆಸರನ್ನು ತಾವೇ ಕೂಗುತ್ತಾರೆ. ಎದುರಿನ ಗುಡ್ಡ ಮರುದನಿ ಕೊಡುತ್ತದೆ. ಬಂಡೆಗೆ ಹೆಸರು ಬಂದದ್ದು ಇದರಿಂದಲೇ ಎಂದುಕೊಂಡು ಇಳಿದು ಹೋಗುತ್ತಾರೆ. ಆದರೆ ಕೆಳಪೋಡಿನ ಸೋಲಿಗ ಹಿರಿಯರು ಹೇಳುವ ಸಂಗತಿ ಬೇರೆ.

ಹಿಂದೆ ಒಮ್ಮೆ ಇಲ್ಲಿ ಎರಡು ಪೋಡುಗಳಿದ್ದವು ಎನ್ನುತ್ತಾರೆ. ಪೋಡು ಎಂದರೆ ಸೋಲಿಗರ ಊರು. ಬಂಡೆಯಿಂದಾಚೆ, ಕಾಡಿನೊಳಗೆ ಮೇಲುಪೋಡು, ಇಳಿಜಾರಿನಲ್ಲಿ ಕೆಳಪೋಡು. ಮೇಲುಪೋಡಿನ ಬೆನ್ನಿಗೆ ಕಡಿದಾದ ಪ್ರಪಾತವಿತ್ತು, ಹೋಗಿ ಬರಲು ಈ ಇಕ್ಕಟ್ಟಿನ ದಾರಿಯೊಂದೇ. ಅಲ್ಲಿ ಕೇತಮ್ಮ ಎಂಬ ಹೆಂಗಸು ತನ್ನ ಗಂಡ ಜಡೇಸಿದ್ದನೊಡನೆ ಬಾಳುತ್ತಿದ್ದಳು. ಒಬ್ಬಳೇ ಮಗಳು ಬೊಮ್ಮಿಯನ್ನು ಕೆಳಪೋಡಿಗೆ ಮದುವೆ ಮಾಡಿ ಕೊಟ್ಟಿದ್ದರು. ಬೊಮ್ಮಿ ಚೊಚ್ಚಲ ಬಸುರಿ. ಬಾಣಂತನಕ್ಕೆ ತಾಯಿಯ ಬಳಿಗೆ ಬರುವವಳಿದ್ದಳು. ಆ ಬೇಸಗೆಯಲ್ಲಿ ಕರಿಮೋರೆಯ ಮುಸಿಯ ಕೋತಿಗಳು ಕೊಂಬೆಯಿಂದ ಕಳಚಿ ಗುಡಿಸಲುಗಳ ಸುತ್ತ ಸತ್ತು ಬೀಳತೊಡಗಿದವು. ಅವುಗಳ ಬೆನ್ನಿಗೇ ಜನಕ್ಕೆ ಜ್ವರ ಹಿಡಿಯಿತು. ತಲೆ ಸೀಳುವ ನೋವು, ಕೆಂಡದಂಥ ಕಣ್ಣು, ಕಡೆಗೆ ವಸಡಿನಲ್ಲಿ ರಕ್ತ. ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹತ್ತುತ್ತದೆಂದು ಹೆದರಿದ ಕೆಳಪೋಡಿನ ಯಜಮಾನ ದಾಸೇಗೌಡ, ಇಕ್ಕಟ್ಟಿನ ಬಾಯಿಗೆ ಮುಳ್ಳುಬೇಲಿ ಹಾಕಿಸಿ ಬಿಲ್ಲುಗಾರರನ್ನು ಕಾವಲಿಟ್ಟ. ಅವನ ಒಡಹುಟ್ಟಿದ ಅಕ್ಕನೂ ಮೇಲೆಯೇ ಇದ್ದಳು. ಬೇಲಿ ಕಟ್ಟಿಸುವಾಗ ಅವನು ಅತ್ತನಂತೆ, ಆದರೂ ಕಟ್ಟಿಸಿದ. ದಾಟಲು ಬಂದವರ ಕಾಲಬುಡದಲ್ಲಿ ಬಾಣ ನೆಡುತ್ತಿತ್ತು. ರಾಗಿ, ಉಪ್ಪು ಬೇಲಿಯ ಮೇಲಿಂದ ಬರುತ್ತಿದ್ದವು. ಮನುಷ್ಯರು ಮಾತ್ರ ಅತ್ತಿತ್ತ ಹೋಗುವಂತಿರಲಿಲ್ಲ.

ಬೊಮ್ಮಿ ಪ್ರತಿದಿನ ಬೇಲಿಯ ಹತ್ತಿರ ಬಂದು ಕೂಗುವಳು. ಕೇತಮ್ಮ ಬಂಡೆ ಹತ್ತಿ ಓಗೊಡುವಳು. ಜಡೇಸಿದ್ದನನ್ನು ಮಣ್ಣು ಮಾಡಿ ಬಂದ ದಿನವೂ ಮಗಳ ದನಿ ಕೇಳಿಸಿತು.

"ಅವ್ವಾ, ಅಪ್ಪ ಹೆಂಗವ್ನೆ? ಅಪ್ಪುಂಗೆ ಏನಾರ ಆಗಿದ್ರೆ ಹೇಳವ್ವ, ಬೇಲಿ ನುಸ್ಕೊಂಡು ಬಂದ್ಬುಡ್ತೀನಿ!"

ಕೇತಮ್ಮನ ಕೈಯಲ್ಲಿ ಗುಂಡಿ ಮುಚ್ಚಿದ ಮಣ್ಣು ಇನ್ನೂ ಒಣಗಿರಲಿಲ್ಲ. ಮಗಳು ಬರುವಳೆಂಬುದು ಅವಳಿಗೆ ಗೊತ್ತಿತ್ತು. ಕಾವಲಿನವರು ಬಸುರಿಯ ಮೇಲೆ ಬಾಣ ಬಿಡಲಾರರು. ಒಳಗೆ ಬಂದವಳು ಮತ್ತೆ ಹೊರಗೆ ಹೋಗುವುದಿಲ್ಲ. "ಅವ್ನೆ ಕಣವ್ವ! ಗೆಣಸು ಅಗೆಯಾಕೆ ಹೋಗವ್ನೆ!" ಎಂದು ಕೂಗಿದಳು.

ಒಂದು ಸುಳ್ಳಿಗೆ ಮತ್ತೊಂದು ಆಸರೆ ಬೇಕಾಯಿತು. ನಾಳೆ ಗೆಣಸು, ನಾಡಿದ್ದು ಜೇನು. ಹಿಂದೆ ಪ್ರಪಾತ, ಮುಂದೆ ಬೇಲಿ, ಬಾಯೊಳಗೆ ಈ ಸುಳ್ಳು. ಕೇತಮ್ಮನಿಗೆ ಎತ್ತ ತಿರುಗಿದರೂ ದಾರಿಯಿರಲಿಲ್ಲ. ಗಂಡನಿಗಾಗಿ ಗಟ್ಟಿಯಾಗಿ ಅಳುವುದಕ್ಕೂ ಹೆದರಿಕೆ. ದನಿ ಕೆಳಗೆ ಕೇಳಿಸಿಬಿಟ್ಟರೆ? ಕಡೆಗೆ ಬೊಮ್ಮಿ, "ಅಪ್ಪನ ಕೈಲಿ ಒಂದು ಮಾತು ಆಡ್ಸವ್ವ" ಎಂದಳು. ಹೆಂಡತಿ ಮಕ್ಕಳನ್ನೆಲ್ಲ ಕಳೆದುಕೊಂಡು ಮಂಕಾಗಿ ಕುಳಿತಿದ್ದ ನೆರೆಯ ಕಾರಯ್ಯನ ಬಳಿಗೆ ಕೇತಮ್ಮ ಹೋದಳು. "ಅಣ್ಣಾ, ನನ್ನ ಗಂಡನಾಗಿ ಒಂದ್ಸಲ ಓ ಅನ್ನು" ಎಂದಳು. ಅವನು ಎದ್ದು ಬಂದು, ಬಂಡೆಯ ಮರೆಯಲ್ಲಿ ನಿಂತು "ಓ...!" ಎಂದ. ಆಮೇಲೆ ಬೊಮ್ಮಿಯ ದನಿ ಬಂತು: "ಸರಿ ಕಣಪ್ಪ. ಅವ್ವನ್ನ ಚೆನ್ನಾಗಿ ನೋಡ್ಕೊ." ಅಂದಿನಿಂದ ಮಗಳು ಕೂಗಿದಾಗಲೆಲ್ಲ ಕೇತಮ್ಮನ ಜೊತೆಗೆ ಕಾರಯ್ಯನೂ ಓಗೊಡುತ್ತಿದ್ದ.

ಮಳೆ ಹಿಡಿದ ಮೇಲೆ ಜ್ವರ ತಗ್ಗಿತು, ಬೇಲಿ ಕಳಚಿತು. ಬೊಮ್ಮಿ ಎಳೆಗೂಸನ್ನು ಎದೆಗವಚಿಕೊಂಡು ಮೇಲೆ ಬಂದಳು. ಕೇತಮ್ಮ ಮಗುವನ್ನು ಮುಟ್ಟಲೂ ಅಂಜಿ, "ಬೊಮ್ಮೀ, ನಿಮ್ಮಪ್ಪ..." ಎಂದು ತಡವರಿಸಿದಳು.

"ಗೊತ್ತವ್ವ," ಎಂದಳು ಬೊಮ್ಮಿ. "ಅದು ಅಪ್ಪನ ದನಿಯಲ್ಲ ಅಂತ ಅವತ್ತೇ ತಿಳೀತು. ನಾ ಬರಬಾರ್ದು ಅಂತ ನೀ ಹಂಗೆ ಮಾಡಿದ್ದು ಅಂತಾನೂ."

"ತಿಳಿದೂ ದಿನಾ ಕೂಗ್ತಿದ್ಯಾ?"

"ನಾ ಕೂಗದಿದ್ರೆ ನೀನು ಬಂಡೆ ಹತ್ತಾಕಿಲ್ಲ. ನೀನು ಹತ್ತದಿದ್ರೆ ನೀನಾರ ಬದುಕಿದ್ದೀಯ ಅಂತ ನಂಗೆ ಹೆಂಗೆ ತಿಳೀಬೇಕು?"

ಅಷ್ಟು ದಿನ ಹಿಡಿದಿಟ್ಟ ಅಳು ಆಗ ಹೊರಬಂತು. ತಾಯಿ ಮಗಳು ಇಬ್ಬರೂ ಕೂಡಿ ಅತ್ತದ್ದು ಕೆಳಪೋಡಿನವರೆಗೂ ಕೇಳಿಸಿತು ಎನ್ನುತ್ತಾರೆ. ಮೇಲುಪೋಡಿನಲ್ಲಿ ಬದುಕುಳಿದವರೆಲ್ಲ ಕೆಳಪೋಡಿಗೆ ಇಳಿದು ಬಂದರು.

ಅದು ಯಾವ ಜ್ವರವೋ ಈಗ ಹೇಳುವವರಿಲ್ಲ. ಕೋತಿ ಸತ್ತಲ್ಲಿ ಅದರ ಮೈಯ ಉಣ್ಣೆಹುಳುಗಳು ಉದುರಿ ಮನುಷ್ಯರನ್ನು ಕಚ್ಚುವುದರಿಂದ ಇಂಥ ಜ್ವರ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹತ್ತುವುದಿಲ್ಲ ಎಂದು ಈಗಿನ ವೈದ್ಯರು ಹೇಳುತ್ತಾರೆ. ಹಾಗಿದ್ದರೆ, ಆ ಜನರನ್ನು ಕೆಳಗೆ ಬರಗೊಟ್ಟಿದ್ದರೆ ಎಷ್ಟೋ ಮಂದಿ ಉಳಿಯುತ್ತಿದ್ದರು. ಮೇಲುಪೋಡು ಇದ್ದೆಡೆಯಲ್ಲಿ ಇಂದು ಲಂಟಾನದ ಪೊದೆ ಬೆಳೆದಿದೆ. ಬಗ್ಗಿ ನೋಡಿದರೆ ಹೊಗೆ ಹಿಡಿದ ಒಲೆಗುಂಡುಗಳು ಕಾಣುತ್ತವೆ. ಇಕ್ಕಟ್ಟಿನ ದಾರಿ ತೆರೆದೇ ಇದೆ. ಕಾಡುಹಂದಿ ಇಳಿದು ರಾಗಿಯನ್ನೆಲ್ಲ ಮೇಯ್ದು ಹೋದರೂ, ಅಲ್ಲಿ ಒಂದು ಮುಳ್ಳುಕೊಂಬೆಯನ್ನು ಸಹ ಯಾರೂ ಅಡ್ಡ ಇಡುವುದಿಲ್ಲ.