ಉಪ್ಪಿನ ಕೊಟ್ರ ಮತ್ತು ಸಿಗದ ದಿನ

“ಕೇಳ್ರಪ್ಪೋ ಕೇಳಿ! ರಾಜಕುಮಾರಿ ಹೊನ್ನಾಜಮ್ಮಣ್ಣಿಯವರ ಮೂರು ಒಗಟು ಬಿಡಿಸಿದವನಿಗೆ ಅವರ ಕೈಹಿಡಿಯುವ ಭಾಗ್ಯ! ತಪ್ಪಿದವನಿಗೆ ಅಮಾವಾಸ್ಯೆಯಂದು ಶಿರಚ್ಛೇದ!”

ಡಂಗುರ ಸಾರಿದಾಗ ನಮ್ಮ ಕೊಟ್ರ ಊರಲ್ಲೇ ಇರಲಿಲ್ಲ. ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಘಟ್ಟ ಹತ್ತುತ್ತಿದ್ದ. ನಾಲ್ಕು ದಿನದ ಮೇಲೆ ಅರಮನೆಗೆ ಬಂದವನು, ಪಾಪ, ಬಾಗಿಲಲ್ಲಿ ಸಾಲು ಕಂಡು ಉಗ್ರಾಣದ ಸಾಲೇ ಇರಬೇಕೆಂದು ನಿಂತುಬಿಟ್ಟ. ಮುಂದಿದ್ದವರೆಲ್ಲ ಜರಿಪೇಟದವರು. ಉಪ್ಪು ಮಾರೋಕೆ ಇಷ್ಟು ಸಿಂಗಾರವಾ ಅಂತ ಅವನಿಗೆ ತಲೆಬುಡ ತಿಳಿಯಲಿಲ್ಲ.

ಸಭೆಯೊಳಗೆ ಕಾಲಿಟ್ಟ ಮೇಲೆ ಕಾವಲುಗಾರ ಪಿಸುಗುಟ್ಟಿದ: “ಮೂರು ಪ್ರಶ್ನೆ. ತಪ್ಪಿದರೆ ತಲೆ ಹೋಗುತ್ತೆ. ಇನ್ನು ಹಿಂದಕ್ಕೆ ಹೋಗೋ ಹಾಗಿಲ್ಲ.”

“ಅಯ್ಯೋ ಶಿವನೇ! ಉಪ್ಪಿಗೂ ಇದೇ ಕಾನೂನಾ ಅಣ್ಣಾ?”

ಅಷ್ಟರಲ್ಲಿ ರಾಜಕುಮಾರಿ ಮುಂದಿದ್ದ ಪಾಳೇಗಾರನ ಮಗನನ್ನು ಕೇಳಿದಳು: “ಮಳೆಗಾಲ ಮುಗಿದ ಮೇಲೆ ಮಣ್ಣಿಗಿಳಿದು, ಮುಂದಿನ ಮಳೆಗಾಲದೊಳಗೆ ಮನೆ ಸೇರುವವನು ಯಾರು?”

ಅವನು ಗದ್ದೆ ಸೀಮೆಯವನು. “ಇಬ್ಬನಿ,” ಅಂದ. ಎಳೆದುಕೊಂಡು ಹೋದರು. ಮುಂದಿನವನು ಮಂತ್ರಿಯ ಮಗ. “ಕಪ್ಪೆ,” ಅಂದ. ಅವನನ್ನೂ ಎಳೆದುಕೊಂಡು ಹೋದರು. ಈಗ ಕೊಟ್ರನ ಸರದಿ ಬಂತು.

“ಬಿಳಿಜೋಳ ಅಲ್ವಾ?” ಅಂದ, ಅನುಮಾನದಲ್ಲೇ. “ಎರೆ ಸೀಮೆಯ ಕಪ್ಪು ಮಣ್ಣಲ್ಲಿ ಬಿತ್ತೋದು ನೋಡಿದ್ದೆ.”

“ಸರಿ. ತಾನಿರುವ ಮನೆಯಲ್ಲಿ ವರ್ಷಗಟ್ಟಲೆ ಬಾಳುತ್ತೆ. ನೋಡಲು ಇಳಿದವನು ಗಳಿಗೆಯಲ್ಲಿ ಸಾಯ್ತಾನೆ. ಯಾವುದದು?”

“ಹಗೇವಿನ ರಾಗಿ. ನೆಲದಡಿ ಕಾಳು ತುಂಬಿಟ್ಟ ಆ ಗುಂಡಿಯ ಬಾಯಿ ತೆಗೆದ ತಕ್ಷಣ ಇಳಿಯಬಾರದು ಅಮ್ಮಣ್ಣಿಯವರೇ, ಮೊದಲು ದೀಪ ಇಳಿಬಿಡಬೇಕು. ದೀಪ ಆರಿದರೆ ಉಸಿರೂ ಆರುತ್ತೆ.”

ಸಭೆ ಗುಜುಗುಜು ಅಂದಿತು. ಸಿಂಹಾಸನದಲ್ಲಿ ರಾಜ ಮುಂದಕ್ಕೆ ಬಾಗಿದ. ಅವನ ಕೈಯಲ್ಲಿ ಒಂದು ಓಲೆಯಿತ್ತು, ದಿನ ಬರೆದು ಮುದ್ರೆಯೊತ್ತುವುದು ಮಾತ್ರ ಬಾಕಿ.

ರಾಜಕುಮಾರಿ ಮೆಲ್ಲಗೆ ಕೇಳಿದಳು: “ಇಡೀ ರಾಜ್ಯ ಒಂದೇ ದಿನ ಬಿತ್ತಬೇಕು ಅಂತ ಅಪ್ಪಾಜಿ ಆಜ್ಞೆ ಬರೆಸಿದ್ದಾರೆ. ಆ ದಿನ ಯಾವುದು? ಇದಕ್ಕೆ ಮೂವರು ಮೂರು ದಿನ ಹೇಳಿ ಸೆರೆಯಲ್ಲಿದ್ದಾರೆ.”

ಕೊಟ್ರ ತಲೆ ಕೆರೆದುಕೊಂಡ. “ಯಾವ ಸೀಮೆಗೆ ಕೇಳ್ತಿದ್ದೀರಿ? ಗದ್ದೆಯವರು ರೋಹಿಣಿ ಮಳೆಗೆ ಭತ್ತದ ಸಸಿಗೆ ಅಗೆ ಹಾಕ್ತಾರೆ. ರಾಗಿಯವರು ಆರಿದ್ರಾ ಮಳೆ ಕಾಯ್ತಾರೆ. ಎರೆಯವರು ಮಳೆಗಾಲವೆಲ್ಲ ನೆಲ ಹರಗಿ ಹದಮಾಡಿಟ್ಟು, ಹಸ್ತಾ ಮಳೆಯ ಹೊತ್ತಿಗೆ ಜೋಳ ಬಿತ್ತುತ್ತಾರೆ.”

“ಒಂದೇ ದಿನ ಹೇಳೋ!” ರಾಜ ಗುಡುಗಿದ.

ಕೊಟ್ರ ಬೆರಳೆಣಿಸಿದ, ಮತ್ತೆ ಎಣಿಸಿದ. ಕಣ್ಣಲ್ಲಿ ನೀರು ಬಂತು. “ಯಾವ ದಿನ ಹೇಳಿದರೂ ಎರಡು ಸೀಮೆ ಉಪವಾಸ ಬೀಳುತ್ತೆ ಬುದ್ಧೀ. ಅಂಥಾ ದಿನ ನನಗೆ ಸಿಗ್ತಿಲ್ಲ. ತಲೆ ತಗೊಳ್ಳಿ. ಹೊರಗೆ ಎತ್ತುಗಳು ಬಾಯಾರಿವೆ, ನೀರು ಕುಡಿಸಿ.”

“ಅದೇ ಉತ್ತರ, ಅಪ್ಪಾಜಿ!” ರಾಜಕುಮಾರಿ ಎದ್ದುಬಿಟ್ಟಳು. “ಅಂಥಾ ದಿನವೇ ಇಲ್ಲ. ಹಿರೀಕರು ತಲೆತಲಾಂತರದಿಂದ ಅವರವರ ಮಣ್ಣು ನೋಡಿ ಕಲಿತದ್ದು ಇದು. ಮಿಕ್ಕವರು ತಮ್ಮೂರಿನ ದಿನವನ್ನೇ ರಾಜ್ಯದ ದಿನ ಅಂದರು. ಯಾವ ಸೀಮೆಗೆ ಅಂತ ಕೇಳಿದವನು ಇವನೊಬ್ಬನೇ.”

ರಾಜ ಓಲೆಯನ್ನು ಮತ್ತೊಮ್ಮೆ ಓದಿಕೊಂಡ. ಆಮೇಲೆ ಅದನ್ನು ಹರಿದು ಹಾಕಿದ, ಸೆರೆಯಲ್ಲಿದ್ದವರನ್ನೆಲ್ಲ ಬಿಡಿಸಿದ.

ರಾಜಕುಮಾರಿ ಹಾಕಿದ ಹಾರ ಕೊರಳಿಗೆ ಬಿದ್ದಾಗ ಕೊಟ್ರ ಬೆಚ್ಚಿದ. “ಇದ್ಯಾಕೆ?” ಕಾವಲುಗಾರ ನಕ್ಕು, ಮದುವೆಯ ವಿಷಯ ಕಿವಿಯಲ್ಲಿ ಹೇಳಿದ. ಕೊಟ್ರ ನಿಂತಲ್ಲೇ ಕುಕ್ಕರಿಸಿದ.

“ಹಂಗಾದ್ರೆ... ಉಪ್ಪು ಎಲ್ಲಿ ಇಳಿಸ್ಲಿ?”

“ನಮ್ಮಿಬ್ಬರ ಮನೆಯಲ್ಲಿ,” ಅಂದಳು ಹೊನ್ನಾಜಮ್ಮಣ್ಣಿ.