ಹೊಳೆಗೆ ಹೋಗುವ ಕಾಲುದಾರಿ

ದ್ಯಾವಣ್ಣನಂಥ ಶಿಷ್ಯ ಆ ಹೊಳೆಸಾಲಿನ ಯಾವ ಆಶ್ರಮದಲ್ಲೂ ಇರಲಿಲ್ಲ. ಎರಡು ಹೆಗಲಿಗೆ ಎರಡು ಕೊಡ ಇಟ್ಟುಕೊಂಡು ದಂಡೆ ಹತ್ತಿದರೆ ಒಂದು ಹನಿ ತುಳುಕುತ್ತಿರಲಿಲ್ಲ. ಅದನ್ನು ಅವನೇ ಎಲ್ಲರಿಗೂ ಹೇಳುತ್ತಿದ್ದ. ಸುಳ್ಳಂತೂ ಹೇಳುತ್ತಿರಲಿಲ್ಲ.

ಆ ವರ್ಷ ದಂಡು ಬರುತ್ತಿದೆ ಎಂಬ ಸುದ್ದಿ ಬಂತು. ದಂಡಿನವರು ದಾರಿಯುದ್ದಕ್ಕೂ ಗುಡಿಗಳ ವಿಗ್ರಹ ಕಿತ್ತು, ಕರಗಿಸಿ, ಗುಂಡು ಹಾರಿಸುವ ತೋಪು ಎರೆಯುತ್ತಿದ್ದರು.

ಆಶ್ರಮದ ಗುಡಿಯಲ್ಲಿ ಹಳೆಯ ಪಂಚಲೋಹದ ವಿಗ್ರಹಗಳಿದ್ದವು. ಅವನ್ನು ಎರೆದವರ ವಂಶ ಅಳಿದುಹೋಗಿತ್ತು. ಅಂಥದ್ದನ್ನು ಮತ್ತೆ ಮಾಡಬಲ್ಲ ಕೈ ಆ ನಾಡಿನಲ್ಲಿ ಉಳಿದಿರಲಿಲ್ಲ.

"ಹೂತಿಡಬೇಕು," ಎಂದರು ಗುರುಗಳು.

"ಅಷ್ಟೇ ತಾನೆ ಬುದ್ಧಿ? ನೀವು ಕೂತು ನೋಡ್ತಿರಿ."

ಆಶ್ರಮಕ್ಕೂ ಹೊಳೆಗೂ ನಡುವಿನ ಬಯಲಲ್ಲಿ, ನೀರಿಗೆ ಹೋಗುವ ಕಾಲುದಾರಿಯ ಮೇಲೇ, ದ್ಯಾವಣ್ಣ ಆಳುದ್ದ ಗುಂಡಿ ತೋಡಿದ. ತಳಕ್ಕೆ ಮರಳು ಹಾಸಿದ. ಕೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ ಒಂದೊಂದೇ ವಿಗ್ರಹವನ್ನು ಮಲಗಿಸಿದ. ಮಣ್ಣು ತುಂಬಿದ ಮೇಲೆ ಕಾಲಲ್ಲಿ ತುಳಿಯಲಿಲ್ಲ, ಅಂಗೈಯಲ್ಲಿ ತಟ್ಟಿದ. ಮೇಲೆ ಗರಿಕೆ ನೆಟ್ಟ.

ಕೊನೆಗೆ ಉಳಿದವಳು ಗೇಣುದ್ದದ ದೀಪದ ಹುಡುಗಿ. ಎರಡೂ ಕೈಯಲ್ಲಿ ಹಣತೆ ಹಿಡಿದು ನಿಂತ ಪುಟ್ಟ ವಿಗ್ರಹ.

"ಇವಳು ನನ್ನ ಪಾಲಿಗಿರಲಿ," ಎಂದು ಗುರುಗಳು ಅವಳನ್ನು ಶಲ್ಯದಲ್ಲಿ ಸುತ್ತಿಕೊಂಡರು.

"ನೀವೆಲ್ಲಿ ತೋಡ್ತೀರಿ ಬುದ್ಧಿ? ಗುದ್ದಲಿ ಎತ್ತೋಕೆ ಹೋದರೆ ಆಮೇಲೆ ನಿಮ್ಮನ್ನೇ ಎತ್ತಬೇಕಾಗ್ತದೆ."

"ನೋಡೋಣ."

ದ್ಯಾವಣ್ಣ ಎದೆ ತಟ್ಟಿಕೊಂಡ. "ನನ್ನ ಗುಂಡಿ ಯಾವ ದಂಡಿಗೂ ಸಿಗಲ್ಲ. ನಾಲಿಗೆ ಕಿತ್ತರೂ ಬಾಯಿ ಬಿಡಲ್ಲ."

"ಸರಿ. ನಾಳೆಯಿಂದ ನೀರಿಗೆ ಹೋಗುವಾಗ ಅದರ ಮೇಲೇ ನಡೆ."

"ದೇವರ ಮೇಲೆ ಕಾಲಿಡೋದಾ?"

"ಮೆಟ್ಟು ಹಾಕಿಕೊಂಡೇ ನಡೆ. ಎಮ್ಮೆಯನ್ನೂ ಅಲ್ಲೇ ಕಟ್ಟು."

"ಆಗಲಿ ಬುದ್ಧಿ."

ಎಮ್ಮೆಯನ್ನು ಅಲ್ಲಿ ಕಟ್ಟಿದ. ಅದು ಗರಿಕೆಯ ಮೇಲೇ ಸಗಣಿ ಹಾಕಿತು. ಗುರುಗಳು ಒಳಗೆ ಹೋದದ್ದೇ ತಡ, ಬಿಚ್ಚಿ ದೂರ ಕಟ್ಟಿದ. ಸಗಣಿಯನ್ನು ಕೈಯಲ್ಲೇ ಬಾಚಿ ತೆಗೆದ.

ಗುರುಗಳು ದಿನಕ್ಕೊಮ್ಮೆ ಸ್ನಾನಕ್ಕೆ ಹೋಗುವವರು. ನೆಟ್ಟಗೆ ಆ ಗರಿಕೆಯ ಮೇಲೆ ನಡೆದು ಹೋಗಿ, ಹಾಗೇ ನಡೆದು ಬರುತ್ತಿದ್ದರು. ಬಂದು ಬಾಗಿಲ ಮುಂದಿನ ಮೆಟ್ಟಿಲುಗಲ್ಲಿಗೆ ಕಾಲಿನ ಕೆಸರು ಉಜ್ಜುತ್ತಿದ್ದರು.

"ಬುದ್ಧಿ, ಯಾವಾಗಲೂ ತಂಬಿಗೆ ನೀರಲ್ಲಿ ಕಾಲು ತೊಳೀತಿದ್ದವರು ನೀವು. ಈಗೇನು, ದನ ಕಾಯೋರ ಹಾಗೆ?"

"ಕಲ್ಲು ಇದೆಯಲ್ಲ."

ಒಂದು ಬೆಳಿಗ್ಗೆ ಗುರುಗಳೇ ಕರೆದು ಹೇಳಿದರು. "ದ್ಯಾವಾ, ಗರಿಕೆ ಸುತ್ತಿ ಹೋಗಬೇಡ."

"ನನ್ನ ಮೇಲೆ ನಂಬಿಕೆ ಇಲ್ಲವಾ ಬುದ್ಧಿ?"

"ನಿನ್ನ ನಾಲಿಗೆಯ ಮೇಲಿದೆ."

ದ್ಯಾವಣ್ಣ ನಕ್ಕ. ಕೊಡ ಎತ್ತಿಕೊಂಡು, ಸುತ್ತಿಯೇ ಹೋದ.

ದಂಡು ಬಂತು. ಹುಲ್ಲಿನ ಬಣವೆ ಸುಟ್ಟರು. ಎಮ್ಮೆಯನ್ನು ಕಡಿದು ಬೇಯಿಸಿದರು. ಗುಡಿಯಲ್ಲಿ ಬರೀ ಪೀಠಗಳು ಕಂಡವು.

"ವಿಗ್ರಹ ಎಲ್ಲಿ?" ಎಂದು ದ್ಯಾವಣ್ಣನನ್ನು ಕಂಬಕ್ಕೆ ಕಟ್ಟಿ ಹೊಡೆದರು. ಹಲ್ಲು ಉದುರಿದವು. ಅವನು ತುಟಿ ಬಿಚ್ಚಲಿಲ್ಲ.

ದಂಡಿನ ನಾಯಕನಿಗೆ ಬೇಸರ ಬಂತು. ನೀರು ಕುಡಿಯಲು ಹೊಳೆಯ ಕಡೆ ಹೊರಟ. ಅರ್ಧ ದಾರಿಯಲ್ಲಿ ನಿಂತುಬಿಟ್ಟ.

ಕಾಲುದಾರಿ ಆಶ್ರಮದಿಂದ ನೆಟ್ಟಗೆ ಬಂದಿತ್ತು. ಬಯಲ ನಡುವೆ ಕುಡುಗೋಲಿನ ಹಾಗೆ ಬಾಗಿ, ಮತ್ತೆ ನೆಟ್ಟಗಾಗಿ ಹೊಳೆಗೆ ಇಳಿದಿತ್ತು. ಬಾಗಿದ ಕಡೆ ಬಂಡೆ ಇರಲಿಲ್ಲ. ಮರ ಇರಲಿಲ್ಲ. ಒಂದು ಮುಳ್ಳಿನ ಗಿಡವೂ ಇರಲಿಲ್ಲ. ಹಸಿರು ಗರಿಕೆ ಮಾತ್ರ ಇತ್ತು.

"ದಿನಾ ಇಲ್ಲಿ ನೀರು ಹೊರುವವನು ಯಾರು?" ಎಂದು ಕೇಳಿದ.

ಮೆಟ್ಟಿನ ತುದಿಯಿಂದ ಗರಿಕೆಯನ್ನು ಕೆದಕಿದ.

"ಅಗೀರಿ," ಎಂದ.

ಕಟ್ಟಿದ ಕಂಬದಿಂದಲೇ ದ್ಯಾವಣ್ಣ ಎಲ್ಲ ನೋಡಿದ. ವಿಗ್ರಹಗಳನ್ನು ಸೌದೆಯ ಹಾಗೆ ಗಾಡಿಗೆ ಎಸೆದರು. ಯಾವುದೋ ಒಂದರ ಕೈ ಮುರಿದು ಹುಲ್ಲಿಗೆ ಬಿತ್ತು. ಅದನ್ನೂ ಬಿಡಲಿಲ್ಲ, ಹುಡುಕಿ ಒಯ್ದರು.

ದಂಡು ಹೊಳೆ ದಾಟಿ ಆಚೆ ದಡದಲ್ಲಿ ಬೀಡು ಬಿಟ್ಟಿತು. ಸಂಜೆಗೆ ಅಲ್ಲಿ ಕುಲುಮೆಯ ಹೊಗೆ ಎದ್ದಿತು.

ಗುರುಗಳು ಹಗ್ಗ ಬಿಚ್ಚಿದರು. ಶಿಷ್ಯನ ಮುಖದ ರಕ್ತ ಒರೆಸಿದರು.

"ನಾನು ಬಾಯಿ ಬಿಡಲಿಲ್ಲ ಬುದ್ಧಿ."

"ಬಿಡಲಿಲ್ಲ."

"ತುಳಿಯೋಕೆ ಕಾಲು ಏಳಲಿಲ್ಲ."

ಗುರುಗಳು ಆಚೆ ದಡ ನೋಡಿದರು. ಹೊಗೆ ಮೇಲೇರುತ್ತಿತ್ತು.

"ದೀಪದ ಹುಡುಗಿ?" ದ್ಯಾವಣ್ಣನ ದನಿ ಅವನಿಗೇ ಕೇಳುವಷ್ಟಿತ್ತು. "ಅವಳನ್ನೂ ಒಯ್ದರಾ?"

ಗುರುಗಳು ಎದ್ದರು. ಅಗೆದ ಹಸಿಮಣ್ಣಿನ ಮೇಲೆ ನಡೆದು ಹೊಳೆಗೆ ಹೋದರು. ಮುಖ ತೊಳೆದು, ಹಾಗೇ ನಡೆದು ಬಂದರು. ಬಾಗಿಲ ಮುಂದೆ ನಿಂತು ಮೆಟ್ಟಿಲುಗಲ್ಲಿಗೆ ಒಂದು ಕಾಲು ಉಜ್ಜಿದರು. ಇನ್ನೊಂದು ಕಾಲು ಉಜ್ಜಿದರು. ಆ ಕಲ್ಲಿನ ಮೇಲೆ ದಂಡಿನವರ ಮೆಟ್ಟಿನ ಕೆಸರು ಇನ್ನೂ ಒಣಗಿರಲಿಲ್ಲ.

ದ್ಯಾವಣ್ಣ ಕಲ್ಲನ್ನು ನೋಡಿದ. ಗುರುಗಳನ್ನು ನೋಡಿದ. ಮತ್ತೆ ಕಲ್ಲನ್ನು ನೋಡಿದ. ಅವನ ಎರಡೂ ಕೈ ತಾವಾಗಿಯೇ ಮೇಲೆದ್ದು ಕೂಡಿಕೊಳ್ಳುತ್ತಿದ್ದವು.

ಗುರುಗಳು ಆ ಕೈಗಳನ್ನು ಹಿಡಿದು ಕೆಳಗಿಳಿಸಿದರು.

"ಅವರಿನ್ನೂ ಆಚೆ ದಡದಲ್ಲೇ ಇದ್ದಾರೆ. ಕಾಲು ಉಜ್ಜಿಕೊಂಡು ಒಳಗೆ ಬಾ."