ರಾಜಮುದ್ರೆಯ ಪ್ಲಗ್-ಇನ್

ಯಾವ ಊರು, ಯಾವ ಕಾಲ ಅಂತ ನನ್ನ ಪ್ರಾಣ ತಿನ್ನಬೇಡಿ. ಗುಡುಗುಪುರ ಅಂತ ಒಂದು ರಾಜ್ಯ. ಅಲ್ಲೊಬ್ಬ ರಾಜ. ಸಿಂಹಾಸನದ ಪಕ್ಕದಲ್ಲೇ ಅವನ ಕಂಪ್ಯೂಟರ್. ಯಾಕ್ರೋ ನಗ್ತೀರಿ? ರಾಜನ ಹತ್ರ ಕಂಪ್ಯೂಟರ್ ಇರಬಾರದಾ?

ರಾಜ ಅಪ್ಪಣೆ ಬರೆಯೋ ಸಾಫ್ಟ್‌ವೇರನ್ನ ಮಾಡಿಕೊಟ್ಟಿದ್ದು ದೇವೀರಮ್ಮ. ಬಲು ಗಟ್ಟಿ ಕೆಲಸ. ಆದರೆ ಅದಕ್ಕೆ ರಾಜಮುದ್ರೆ ಒತ್ತೋಕೆ ಬರ್ತಿರಲಿಲ್ಲ. ಆಗ ಬಂದ ನುಣುಪಯ್ಯ. "ಪ್ರಭು, ನಾನೊಂದು ಪ್ಲಗ್-ಇನ್ ಮಾಡ್ತೀನಿ. ಸಾಫ್ಟ್‌ವೇರಿಗೆ ಸಿಕ್ಕಿಸಿದ್ರೆ ಸಾಕು, ಮುದ್ರೆ ತಾನೇ ಬೀಳುತ್ತೆ" ಅಂದ. ಮಾಡಿದ, ಸಿಕ್ಕಿಸಿದ, ಮುದ್ರೆ ಬಿತ್ತು. ರಾಜನಿಗೆ ಖುಷಿಯೋ ಖುಷಿ.

ಆದರೆ ಆ ಕಳ್ಳ, ಪ್ಲಗ್-ಇನ್ ಒಳಗೆ ಇನ್ನೊಂದು ಕೆಲಸಾನೂ ತುರುಕಿದ್ದ. ಮುದ್ರೆ ಬೀಳುವಾಗ ಪ್ರತಿ ಅಪ್ಪಣೆಯ ಕೆಳಗೂ ಒಂದು ಸಾಲು ಸೇರಿಕೊಳ್ತಿತ್ತು.

ರಾಜ ಬರೆದ: "ರಾಣಿಗೆ ಒಂದು ಬುಟ್ಟಿ ಮಾವಿನಹಣ್ಣು ಕೊಡಿ." ಕೆಳಗೆ ಬಂತು: "ನುಣುಪಯ್ಯನಿಗೂ ಹಾಗೇ ಮಾಡಿ."

ರಾಜ ಬರೆದ: "ಸೇನಾಪತಿಗೆ ಕುದುರೆ ಕೊಡಿ." ಕೆಳಗೆ ಬಂತು: "ನುಣುಪಯ್ಯನಿಗೂ ಹಾಗೇ ಮಾಡಿ."

ರಾಜ ಬರೆದ: "ಕುಂಬಾರರ ಈರಜ್ಜಿಗೆ ಕೆರೆ ಪಕ್ಕದ ಹೊಲ ಕೊಡಿ." ಅಲ್ಲೂ ಅದೇ ಸಾಲು. ಅರ್ಧ ಹೊಲ ಹೋಯ್ತು. ಅಜ್ಜಿ ಅಳುತ್ತಾ ಅರಮನೆಗೆ ಬಂದಳು.

"ಇದನ್ನ ನಾನು ಬರೆದೇ ಇಲ್ವಲ್ಲ!" ಅಂದ ರಾಜ.

"ದೇವೀರಮ್ಮನ ಸಾಫ್ಟ್‌ವೇರಿಗೆ ತಲೆ ಕೆಟ್ಟಿದೆ ಪ್ರಭು" ಅಂದ ನುಣುಪಯ್ಯ.

ರಾಜನ ಕಿವಿ ಹಿತ್ತಾಳೆ ಕಿವಿ. ನಂಬೇಬಿಟ್ಟ! "ದೇವೀರಮ್ಮ, ನಾಳೆಯೇ ಊರು ಬಿಡು!"

ದೇವೀರಮ್ಮನಿಗೆ ಅದು ಹುಟ್ಟಿದ ಊರು, ಎಲ್ಲಿಗೆ ಹೋಗೋದು? ಕೆಲಸ ಯಾರದ್ದು ಅಂತ ಅವಳಿಗೆ ಗೊತ್ತಾಗಿತ್ತು. ಹೇಳಿದರೆ ನಂಬೋರು ಯಾರು?

"ಆಗಲಿ ಪ್ರಭು" ಅಂದಳು. "ಆದರೆ ನನಗೆ ಅಷ್ಟು ಸಾಲದು. ಮುಖಕ್ಕೆ ಸುಣ್ಣ ಬಳಿದು, ಕತ್ತೆ ಮೇಲೆ ಹಿಂದುಮುಂದಾಗಿ ಕೂರಿಸಿ, ಊರೆಲ್ಲ ಮೆರವಣಿಗೆ ಮಾಡಿಸಿ. ಈಗಲೇ ಅಪ್ಪಣೆ ಬರೀರಿ."

ರಾಜ ಟಕಟಕ ಬರೆದ. ಮುದ್ರೆ ಬಿತ್ತು. ಮಂತ್ರಿ ಕಾಗದ ಓದಿದ: "ದೇವೀರಮ್ಮನಿಗೆ ಸುಣ್ಣ ಬಳಿದು ಕತ್ತೆ ಮೇಲೆ ಮೆರವಣಿಗೆ ಮಾಡಿ. ನುಣುಪಯ್ಯನಿಗೂ ಹಾಗೇ ಮಾಡಿ."

ಬಂತು ನೋಡಿ ಎರಡು ಕತ್ತೆ! ಮುದ್ರೆ ಬಿದ್ದ ಮೇಲೆ ಅಪ್ಪಣೆ ಅಪ್ಪಣೆಯೇ ಅಂತ ಭಟರು ನುಣುಪಯ್ಯನ ರಟ್ಟೆ ಹಿಡಿದರು.

"ಅಯ್ಯಯ್ಯೋ, ಅದು ಪ್ರಭುಗಳ ಮಾತಲ್ಲ! ಆ ಸಾಲು ಸೇರಿಸೋದು ನನ್ನ ಪ್ಲಗ್-ಇನ್ನು!" ಅಂತ ಗಾಬರಿಯಲ್ಲಿ ನಿಜ ಬಾಯಿಬಿಟ್ಟ ನುಣುಪಯ್ಯ.



"ಹಾಗಾದ್ರೆ ಮಾವಿನಹಣ್ಣು?" ಅಂದ ರಾಜ.

"ಅದೂ ನಂದೇ ಪ್ರಭು."

"ಕುದುರೆ?"

"ಅದೂ."

"ಅಜ್ಜಿಯ ಹೊಲ?"

ನುಣುಪಯ್ಯ ಕತ್ತೆಯ ಮುಖ ನೋಡಿದ. ಕತ್ತೆ ಅವನ ಮುಖ ನೋಡಿತು.

ರಾಜ ನಾಚಿಕೊಂಡು ದೇವೀರಮ್ಮನ ಕ್ಷಮೆ ಕೇಳಿದ. ಹೊಲ ಪೂರ್ತಿ ಅಜ್ಜಿಗೆ ಸಿಕ್ಕಿತು. ಒಂದು ಕತ್ತೆ ವಾಪಸ್ ಹೋಯ್ತು. ಇನ್ನೊಂದು ನುಣುಪಯ್ಯನನ್ನ ಹೊತ್ತುಕೊಂಡು ಊರೆಲ್ಲ ಸುತ್ತಿತು. ದೇವೀರಮ್ಮ ಆ ಪ್ಲಗ್-ಇನ್ ಕಿತ್ತೆಸೆದು, ಮುದ್ರೆ ಮಾತ್ರ ಒತ್ತೋ ಹೊಸದೊಂದನ್ನ ಮಾಡಿಕೊಟ್ಟಳು.

ನೀತಿ ಕೇಳಿದ್ರೇನ್ರೋ? ಒಬ್ಬರು ನಂಬಿ ಒಳಗೆ ಬಿಟ್ಟುಕೊಂಡರೆ, ಹೇಳಿದ ಕೆಲಸ ಮಾಡಿ ಸುಮ್ಮನಿರಬೇಕು. ಎಲ್ಲದರಲ್ಲೂ ನನಗೊಂದು ಪಾಲು ಅಂತ ಕೈ ಚಾಚಿದವನಿಗೆ ಶಿಕ್ಷೆಯಲ್ಲೂ ಪಾಲು ಬರುತ್ತೆ.